‘ನಿಲ್ಲಿಸಿ’ಯೋ ‘ಕಡಿವಾಣ ಹಾಕಿ’ಯೋ: ಅಣ್ವಸ್ತ್ರದ ಬಗೆಗಿನ ಒಂದು ಪಾಲನಾ ಪತ್ರವನ್ನು ಓದಿ ಮುಗಿಸಿದ ಬಗೆ

ಈ ಪತ್ರವನ್ನು ಮೊದಲ ಪುಟದಿಂದ ಓದಲು ಹೊರಡಬೇಡಿ. ಸಾರಾಂಶದಿಂದಂತೂ ಬೇಡವೇ ಬೇಡ.

ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪರು) 1983ರ ಮೇ 3ರಂದು ಶಿಕಾಗೊದಲ್ಲಿ 238ಕ್ಕೆ 9 ಮತಗಳಿಂದ ಒಪ್ಪಿದ ‘ಶಾಂತಿಯ ಸವಾಲು: ದೇವರ ವಾಗ್ದಾನ, ನಮ್ಮ ಪ್ರತಿಸ್ಪಂದನ’ ಎಂಬ ಪಾಲನಾ ಪತ್ರದಲ್ಲಿ, ಅಂದರೆ ಭಕ್ತರಿಗೆ ಬರೆದ ಬೋಧನೆಯ ಪತ್ರದಲ್ಲಿ, ನಾಲ್ಕು ಭಾಗ, ಮುನ್ನೂರಕ್ಕೂ ಹೆಚ್ಚು ಕಂಡಿಕೆ, ಉದ್ದುದ್ದ ಅಡಿಟಿಪ್ಪಣಿಗಳಿವೆ. ಮುಂದೆ ಅಂಟಿಸಿರುವ ಸಾರಾಂಶ ಬಲು ನಯವಾಗಿದೆ. ಅದನ್ನೋದಿದರೆ ಪತ್ರ ಏನು ಹೇಳಿತು ಅನ್ನುವುದು ತಿಳಿಯುತ್ತದೆ, ಜಗಳ ಎಲ್ಲಿತ್ತು ಅನ್ನುವುದು ತಿಳಿಯುವುದಿಲ್ಲ. ಜಗಳ ತಿಳಿಯದೆ ಈ ಪತ್ರವನ್ನು ಓದಿದರೆ ಅದು ಮತ್ತೊಂದು ಶಾಂತಿಪ್ರವಚನ, ಅಷ್ಟೆ.

ನಾವು ಓದಿದ್ದು ಎಂಟು ಕೂಟಗಳಲ್ಲಿ, ಕೂಟಕ್ಕೆ ಎರಡು ಗಂಟೆ. ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಮಾತು ಕಂಡಿಕೆ ಬಿಟ್ಟು ಟಿವಿ ಚರ್ಚೆಯ ಕಡೆ ಹರಿಯುತ್ತದೆ. ಪತ್ರದ ಅಂತಿಮ ಪಠ್ಯದ ಜೊತೆಗೆ ಎರಡನೇ ಮತ್ತು ಮೂರನೇ ಕರಡುಗಳು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. 1960ರ ದಶಕದಲ್ಲಿ ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ‘ಆಧುನಿಕ ಜಗತ್ತಿನಲ್ಲಿ ಧರ್ಮಸಭೆ’ ದಾಖಲೆಯ 80 ಮತ್ತು 81ನೇ ಕಂಡಿಕೆಗಳ ಪ್ರತಿ ಒಂದು, ಮೂರು ಬಣ್ಣದ ಪೆನ್ಸಿಲ್ಲುಗಳು, ಊರಿನ ನಕ್ಷೆ, ಒಂದು ಕೈವಾರ, ಮೂರು ಅಂಕಣ ಗೆರೆ ಎಳೆದ ದೊಡ್ಡ ಹಾಳೆ. ಕೈವಾರ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಶುರುಮಾಡಬೇಕಾದ್ದು ಒಂದೇ ಒಂದು ಪದದಿಂದ. ಎರಡನೇ ಕರಡಿನಲ್ಲಿ ಧರ್ಮಾಧ್ಯಕ್ಷರು ಹೊಸ ಅಣ್ವಸ್ತ್ರ ವ್ಯವಸ್ಥೆಗಳ ಪರೀಕ್ಷೆ, ತಯಾರಿಕೆ, ನಿಯೋಜನೆಗಳನ್ನು ‘ಹಾಲ್ಟ್’ ಮಾಡುವ ಒಪ್ಪಂದಗಳಾಗಲಿ ಅಂದಿದ್ದರು. 1983ರ ಏಪ್ರಿಲ್‌ನ ಮೂರನೇ ಕರಡಿನಲ್ಲಿ ಅದೇ ಜಾಗದಲ್ಲಿ ‘ಕರ್ಬ್’ ಎಂದಾಯಿತು. ಶಿಕಾಗೊದಲ್ಲಿ ಮತ್ತೆ ‘ಹಾಲ್ಟ್’. ಇಂಗ್ಲಿಷಿನಲ್ಲಿ ಓದುವವರಿಗೆ ಇದು ವ್ಯಾಕರಣದ ಸೂಕ್ಷ್ಮದಂತೆ ಕಾಣಬಹುದು. ಕನ್ನಡಕ್ಕೆ ತಂದಾಗ ಕಣ್ಣು ಬಿಚ್ಚುತ್ತದೆ: ಒಂದು ‘ನಿಲ್ಲಿಸಿ’, ಇನ್ನೊಂದು ‘ಕಡಿವಾಣ ಹಾಕಿ’. ಕಡಿವಾಣ ಹಾಕಿದ ಕುದುರೆ ನಿಲ್ಲುವುದಿಲ್ಲ, ಸವಾರ ಹೇಳಿದ ಕಡೆ ಓಡುತ್ತದೆ. ಇಂಗ್ಲಿಷಿನ ಆ ಪದವೂ ಮೂಲದಲ್ಲಿ ಕುದುರೆಯ ಬಾಯಿಗೆ ಹಾಕುವ ಸಾಮಾನಿನದೇ ಆದ್ದರಿಂದ ಅನುವಾದ ಇಷ್ಟು ಚೆನ್ನಾಗಿ ಕೂರುವುದು.

ಪದ ಬದಲಾದದ್ದು ಯಾಕೆ? ‘ನಿಲ್ಲಿಸಿ’ ಎನ್ನುವುದು ಆಗ ಬೀದಿಯಲ್ಲಿದ್ದ ಪದ. ರ್‍ಯಾಂಡಲ್ ಫೋರ್ಸ್‌ಬರ್ಗ್ 1980ರಲ್ಲಿ ಬರೆದ ಕರೆಯಿಂದ ಹುಟ್ಟಿದ ‘ಫ್ರೀಜ್’ ಚಳವಳಿ ಕೇಳುತ್ತಿದ್ದದ್ದು ಇದನ್ನೇ: ಎರಡೂ ಕಡೆಯವರು ಇದ್ದಲ್ಲೇ ನಿಲ್ಲಿ, ಪರೀಕ್ಷೆ, ತಯಾರಿಕೆ, ನಿಯೋಜನೆ ಮೂರೂ ಬಂದ್. 1982ರ ನವೆಂಬರ್‌ನಲ್ಲಿ ಒಂಬತ್ತು ರಾಜ್ಯಗಳು ಇದನ್ನು ಮತಕ್ಕೆ ಹಾಕಿದಾಗ ಎಂಟು ಗೆಲ್ಲಿಸಿದ್ದವು. ಅಮೆರಿಕದ ಆಗಿನ ಅಧ್ಯಕ್ಷ ರೇಗನ್ ಅವರ ಸರ್ಕಾರಕ್ಕೆ ಅದು ಬೇಡದ ಮಾತು. ಧರ್ಮಾಧ್ಯಕ್ಷರು ಅದೇ ಮೂರು ಕ್ರಿಯೆಗಳನ್ನು ಅದೇ ಕ್ರಮದಲ್ಲಿ ಬರೆದು ಮುಂದೆ ‘ನಿಲ್ಲಿಸಿ’ ಅಂದರೆ ಚಳವಳಿಗೆ ಸಹಿ ಹಾಕಿದಂತೆ, ‘ಕಡಿವಾಣ’ ಅಂದರೆ ತಪ್ಪಿಸಿಕೊಂಡಂತೆ. ಮೂರನೇ ಕರಡು ಹೊರಬಿದ್ದ ಕೂಡಲೇ ಸರ್ಕಾರದ ಕಡೆಯಿಂದ ಮೆಚ್ಚುಗೆ ಬಂತು, ಪತ್ರ ತಮ್ಮ ನೀತಿಗೆ ಹತ್ತಿರವಾಗಿದೆ ಎಂಬ ಧಾಟಿಯಲ್ಲಿ. ಆ ಮೆಚ್ಚುಗೆಯೇ ‘ಕಡಿವಾಣ’ಕ್ಕೆ ಮುಳುವಾಯಿತು. ಸಮಿತಿಯ ಅಧ್ಯಕ್ಷ ಜೋಸೆಫ್ ಬರ್ನಾರ್ಡಿನ್ ಮತ್ತು ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷ ಜಾನ್ ರೋಚ್, ಹಾಗೇನೂ ಇಲ್ಲ, ನಮ್ಮ ನಡುವೆ ಭಿನ್ನಾಭಿಪ್ರಾಯಗಳಿವೆ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಕೆಲವೇ ವಾರಗಳಲ್ಲಿ ಸಭೆ ‘ನಿಲ್ಲಿಸಿ’ಯನ್ನು ವಾಪಸು ತಂದಿತು. ಮತ ಬಿದ್ದ ಮರುದಿನ, ಮೇ 4ರಂದು, ಅಮೆರಿಕದ ಕೆಳಮನೆ ಫ್ರೀಜ್ ನಿರ್ಣಯವನ್ನು 278ಕ್ಕೆ 149ರಿಂದ ಅಂಗೀಕರಿಸಿತು. ಅದೇ ತಿಂಗಳಲ್ಲಿ ಅದೇ ಮನೆ ಎಂಎಕ್ಸ್ ಎಂಬ ಹೊಸ ಅಣ್ವಸ್ತ್ರ ಕ್ಷಿಪಣಿಗೆ ಹಣವನ್ನೂ ಬಿಡುಗಡೆ ಮಾಡಿತು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

ಈ ಒಂದು ಪದದ ಮೇಲೆ ಮೊದಲ ಕೂಟ ಪೂರ್ತಿ ಕಳೆದರೂ ನಷ್ಟವಿಲ್ಲ. ಪತ್ರ ಆಕಾಶದಿಂದ ಇಳಿದದ್ದಲ್ಲ, ಸಮಿತಿಯೊಂದು ಕರಡು ಮೇಲೆ ಕರಡು ತಿದ್ದಿ ಮಾಡಿದ್ದು ಎಂಬುದು ಮನಸ್ಸಿಗೆ ಇಳಿಯಬೇಕು. ಸಮಿತಿ ಐವರದು. ಬರ್ನಾರ್ಡಿನ್ ಆಗ ಸಿನ್ಸಿನಾಟಿಯ ಮಹಾಧರ್ಮಾಧ್ಯಕ್ಷರು, ಕೆಲಸದ ನಡುವೆಯೇ ಶಿಕಾಗೊಗೆ ಬಂದು ಕಾರ್ಡಿನಲ್ ಆದರು. ಒಂದು ತುದಿಯಲ್ಲಿ ಪಾಕ್ಸ್ ಕ್ರಿಸ್ತಿ ಶಾಂತಿ ಸಂಘಟನೆಯ ಥಾಮಸ್ ಗಂಬಲ್‌ಟನ್, ಇನ್ನೊಂದು ತುದಿಯಲ್ಲಿ ನೌಕಾಪಡೆಯ ಪಾದ್ರಿಯಾಗಿ ರಿಯರ್ ಅಡ್ಮಿರಲ್ ಹುದ್ದೆಯವರೆಗೆ ಏರಿದ್ದ ಜಾನ್ ಓಕಾನರ್. ನಡುವೆ ಡೇನಿಯಲ್ ರೈಲಿ, ಜಾರ್ಜ್ ಫುಲ್ಚರ್. ಬರವಣಿಗೆಯ ಬೆನ್ನೆಲುಬು ಫಾದರ್ ಬ್ರಯನ್ ಹೆಹಿರ್ ಮತ್ತು ಯೇಲ್ ವಿಶ್ವವಿದ್ಯಾಲಯದ ರಾಜಕೀಯಶಾಸ್ತ್ರಜ್ಞ ಬ್ರೂಸ್ ರಸೆಟ್. ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರ್, ಮಾಜಿ ಕಾರ್ಯದರ್ಶಿಗಳಾದ ಹೆರಾಲ್ಡ್ ಬ್ರೌನ್, ಜೇಮ್ಸ್ ಶ್ಲೆಸಿಂಗರ್ ಇವರನ್ನೆಲ್ಲ ಕರೆದು ಕೇಳಿದ್ದರು. ಗಂಬಲ್‌ಟನ್ ಮತ್ತು ಓಕಾನರ್ ಒಂದೇ ಕಾಗದಕ್ಕೆ ಒಪ್ಪಬೇಕಿತ್ತು ಅನ್ನುವುದು ನೆನಪಿದ್ದರೆ ಪತ್ರದ ಅನೇಕ ವಾಕ್ಯಗಳು ಯಾಕೆ ಹಾಗೆ ಬಾಗಿವೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಬಣ್ಣದ ಪೆನ್ಸಿಲ್ಲುಗಳು ಬೇಕಾಗುವುದು ಎರಡನೇ ಕೂಟದಿಂದ. ಪತ್ರದ ಎಲ್ಲ ಮಾತಿಗೂ ಒಂದೇ ತೂಕವಿಲ್ಲ, ಇದನ್ನು ಪತ್ರವೇ ಪೀಠಿಕೆಯಲ್ಲಿ ಹೇಳಿಕೊಳ್ಳುತ್ತದೆ. ಕೆಲವು ಮಾತುಗಳು ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ನೀತಿತತ್ವಗಳು: ಹೋರಾಡದವರನ್ನು ಕೊಲ್ಲಬಾರದು, ಆಗುವ ಹಾನಿ ಬರುವ ಒಳಿತನ್ನು ಮೀರಬಾರದು. ಇವಕ್ಕೆ ಕೆಂಪು. ಕೆಲವು ಪೋಪರೂ ಮಹಾಸಭೆಯೂ ಈಗಾಗಲೇ ಹೇಳಿದ್ದರ ಪುನರುಚ್ಚಾರ, ಇವಕ್ಕೆ ನೀಲಿ. ಉಳಿದವು ಈ ತತ್ವಗಳನ್ನು ಈ ಕ್ಷಿಪಣಿಗೆ, ಈ ನೀತಿಗೆ, ಈ ವರ್ಷಕ್ಕೆ ಅನ್ವಯಿಸಿ ಧರ್ಮಾಧ್ಯಕ್ಷರು ಮಾಡಿದ ವಿವೇಕದ ತೀರ್ಮಾನಗಳು. ಸದುದ್ದೇಶದವರೂ ಇಲ್ಲಿ ಬೇರೆ ತೀರ್ಮಾನಕ್ಕೆ ಬರಬಹುದು ಎಂದು ಪತ್ರ ಒಪ್ಪುತ್ತದೆ. ಇವಕ್ಕೆ ಹಸಿರು.

ಈ ವಿಂಗಡಣೆ ಇಷ್ಟು ಸ್ಪಷ್ಟವಾದದ್ದು 1983ರ ಜನವರಿಯಲ್ಲಿ ವ್ಯಾಟಿಕನ್ನಿನಲ್ಲಿ ನಡೆದ ಸಮಾಲೋಚನೆಯ ನಂತರ. ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ನಡೆಸಿಕೊಟ್ಟ ಆ ಸಭೆಗೆ ಯುರೋಪಿನ ಧರ್ಮಾಧ್ಯಕ್ಷರೂ ಬಂದಿದ್ದರು. ಸೋವಿಯತ್ ಟ್ಯಾಂಕುಗಳ ಎದುರಿಗೆ ಕೂತಿದ್ದ ಜರ್ಮನರಿಗೂ ಅಟ್ಲಾಂಟಿಕದಾಚೆಯ ಅಮೆರಿಕನ್ನರಿಗೂ ಒಂದೇ ವಾಕ್ಯ ಬೇರೆ ಬೇರೆಯಾಗಿ ಕೇಳುತ್ತಿತ್ತು. ತತ್ವ ಯಾವುದು, ನಿಮ್ಮ ಅಭಿಪ್ರಾಯ ಯಾವುದು, ಬೇರ್ಪಡಿಸಿ ಹೇಳಿ ಅನ್ನುವುದು ಅಲ್ಲಿನ ಒತ್ತಾಯ.

ಬಣ್ಣ ಹಚ್ಚುವಾಗ ಎರಡು ತಪ್ಪು ಸದಾ ಆಗುತ್ತವೆ. ಭಕ್ತಿ ಹೆಚ್ಚಿದ್ದವರು ಎಲ್ಲಕ್ಕೂ ಕೆಂಪು ಬಳಿಯುತ್ತಾರೆ. ಪತ್ರ ಇಷ್ಟವಾಗದವರು ಎಲ್ಲಕ್ಕೂ ಹಸಿರು ಬಳಿದು, ಇದೆಲ್ಲ ಬರೀ ಅಭಿಪ್ರಾಯ ಅನ್ನುತ್ತಾರೆ. ಪರೀಕ್ಷೆಗೆ ಎರಡು ವಾಕ್ಯ ಸಾಕು. ನಗರಗಳನ್ನೂ ಅವುಗಳ ಜನರನ್ನೂ ಒಟ್ಟಿಗೆ ನಾಶಮಾಡುವ ಯುದ್ಧಕೃತ್ಯ ದೇವರಿಗೂ ಮನುಷ್ಯನಿಗೂ ಎದುರಾದ ಅಪರಾಧ ಎಂಬುದು ಮಹಾಸಭೆಯ 80ನೇ ಕಂಡಿಕೆ, ಅದರ ಅಡಿಯಲ್ಲಿ ಕೆಂಪು ತತ್ವವೂ ಇದೆ. ಅಣ್ವಸ್ತ್ರವನ್ನು ಎಷ್ಟೇ ಸೀಮಿತವಾಗಿಯಾದರೂ ಮೊದಲು ಬಳಸುವುದು ಸಮರ್ಥನೀಯವಾಗುವ ಯಾವ ಸಂದರ್ಭವೂ ನಮಗೆ ಕಾಣುತ್ತಿಲ್ಲ ಎಂಬುದು ಹಸಿರು. ಎರಡನೆಯದು ಹಸಿರು ಎಂದು ಪತ್ರವೇ ಉದಾಹರಣೆ ಕೊಟ್ಟು ಹೇಳುತ್ತದೆ. ಹಸಿರು ಅಂದಮಾತ್ರಕ್ಕೆ ಹಗುರ ಅಂತಲ್ಲ. ನೇಟೊದ ಇಡೀ ಯೋಜನೆ ಮೊದಲ ಬಳಕೆಯ ಸಾಧ್ಯತೆಯ ಮೇಲೆ ನಿಂತಿತ್ತು, ಅದನ್ನು ಬೇಡವೆನ್ನುವುದು ಸಣ್ಣ ಮಾತಲ್ಲ. ಹಿಂದಿನ ವರ್ಷವಷ್ಟೇ ಅಮೆರಿಕ ಸರ್ಕಾರದ ಉನ್ನತ ಹುದ್ದೆಗಳಲ್ಲಿದ್ದ ಮ್ಯಾಕ್‌ಜಾರ್ಜ್ ಬಂಡಿ, ಜಾರ್ಜ್ ಕೆನನ್, ಮೆಕ್‌ನಮಾರ, ಜೆರಾರ್ಡ್ ಸ್ಮಿತ್ ಸೇರಿ ಇದನ್ನೇ ವಾದಿಸಿದ್ದರು, ಅವರಲ್ಲಿ ಯಾರೂ ಪಾದ್ರಿಗಳಲ್ಲ.

ಬಳಕೆಯ ಬಗ್ಗೆ ಪತ್ರದಲ್ಲಿ ಮೂರು ತೀರ್ಪುಗಳಿವೆ. ಜನವಸತಿಯನ್ನೇ ಗುರಿಮಾಡುವುದು ಸಲ್ಲದು, ನಮ್ಮ ನಗರ ಸುಟ್ಟರೂ ಪ್ರತೀಕಾರವಾಗಿ ಅವರ ನಗರ ಸುಡುವಂತಿಲ್ಲ. ಮೊದಲ ಬಳಕೆ ಸಲ್ಲದು. ಸೀಮಿತ ಅಣುಯುದ್ಧದ ವಿಷಯದಲ್ಲಿ ಮಾತ್ರ ಪತ್ರ ನೇರ ನಿಷೇಧ ಹೇಳದೆ ಪ್ರಶ್ನೆಗಳನ್ನು ಕೇಳುತ್ತದೆ: ಆ ಗಳಿಗೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವಷ್ಟು ಮಾಹಿತಿ ನಾಯಕರಿಗೆ ಇದ್ದೀತೆ? ಅಂಥ ಒತ್ತಡದಲ್ಲಿ ಅಳೆದು ತೂಗಿ ಆಜ್ಞೆ ಕೊಡಬಲ್ಲರೆ? ಕಮಾಂಡರುಗಳು ಆ ಅಳತೆಯನ್ನು ಕಾಪಾಡಬಲ್ಲರೆ? ಕಂಪ್ಯೂಟರ್ ತಪ್ಪಿದರೆ? ‘ಸೀಮಿತ’ ಎಂದರೂ ಸಾಯುವವರು ಲಕ್ಷಗಳಲ್ಲೇ ಅಲ್ಲವೆ? ಉತ್ತರ ಕೊಡಬೇಕಾದ್ದು ಸೀಮಿತಯುದ್ಧ ಸಾಧ್ಯ ಎನ್ನುವವರು ಎಂದು ಹೊರೆಯನ್ನು ಆಚೆ ಹೆಗಲಿಗೆ ದಾಟಿಸುತ್ತದೆ. ಎಲ್ಲ ಬಳಕೆಯನ್ನೂ ಪತ್ರ ಖಂಡಿಸಿದೆ ಎಂದು ಹೇಳಿ ಕೂಟ ಮುಗಿಸುವವರು ಇಲ್ಲಿ ಎಡವುತ್ತಾರೆ. ಒಂದು ಸೆಂಟಿಮೀಟರ್‌ನಷ್ಟು ಅಸ್ಪಷ್ಟತೆಯನ್ನು ಬೇಕೆಂದೇ ಉಳಿಸಲಾಗಿದೆ ಎಂಬ ಮಾತು ಈ ಪತ್ರದ ಬಗ್ಗೆ ಚಾಲ್ತಿಯಲ್ಲಿದೆ. ಯಾಕೆ ಉಳಿಸಿದರು? ಯಾವ ಬಳಕೆಯೂ ಎಂದೆಂದೂ ಸಲ್ಲದು ಅಂದುಬಿಟ್ಟರೆ ಬಾಂಬ್ ಇಟ್ಟುಕೊಳ್ಳುವುದಕ್ಕೆ ಒಪ್ಪಿಗೆ ಕೊಡಲು ಬಾಯಿ ಇರುವುದಿಲ್ಲ. ಗಂಟು ಇರುವುದು ಇಲ್ಲಿಯೇ, ಮೂರು ಮತ್ತು ನಾಲ್ಕನೇ ಕೂಟಗಳು ಇದಕ್ಕೇ ಮೀಸಲು.

ಮೊದಲು ಪದದ ತೊಂದರೆ. ‘ಡಿಟೆರೆನ್ಸ್’, ಅಂದರೆ ಬಾಂಬಿನ ಭಯ ತೋರಿಸಿ ಎದುರಾಳಿಯನ್ನು ತಡೆದಿಡುವುದು, ಎನ್ನುವುದಕ್ಕೆ ಕನ್ನಡ ಪತ್ರಿಕೆಗಳಲ್ಲಿ ‘ನಿರೋಧ’ ಎಂಬ ಪದ ಕಂಡುಬರುತ್ತದೆ. ಕುಟುಂಬಯೋಜನೆಯ ಜಾಹೀರಾತು ನೋಡಿ ಬೆಳೆದವರು ಇರುವ ಕೂಟದಲ್ಲಿ, ಅದರಲ್ಲೂ ಚರ್ಚಿನ ಹಜಾರದಲ್ಲಿ, ಆ ಪದ ಹೇಳಿ ಗಂಭೀರವಾಗಿರುವುದು ಕಷ್ಟ. ‘ಪ್ರತಿರೋಧ’ ಅಂದರೆ ಎದುರಿಸುವುದು ಎಂದಾಗುತ್ತದೆ, ಅರ್ಥವೇ ಬೇರೆ. ನಾವು ‘ಬೆದರಿಕೆಯ ತಡೆ’ ಎಂದು ಇಟ್ಟುಕೊಂಡೆವು. ಅದರ ಲಾಭ ಏನೆಂದರೆ ನೈತಿಕ ಪ್ರಶ್ನೆ ಪದದೊಳಗೇ ಕೂತಿರುತ್ತದೆ. ಹೊಲದ ಬೆದರುಬೊಂಬೆಯ ಒಳಗೆ ಹುಲ್ಲಲ್ಲದೆ ಬೇರೇನೂ ಇಲ್ಲ, ಹಕ್ಕಿಗೆ ಅದು ಗೊತ್ತಿಲ್ಲ, ಅಷ್ಟಕ್ಕೇ ಕಾವಲು ನಡೆಯುತ್ತದೆ. ಅಣ್ವಸ್ತ್ರದ ಬೆದರುಬೊಂಬೆಯ ಕೈಯಲ್ಲಿ ನಿಜವಾದ ಬಂದೂಕಿದೆ, ಸುಡಲು ತಯಾರಾದ ಬೆರಳೂ ಇದೆ, ಎದುರಿನವನಿಗೆ ಅದು ಚೆನ್ನಾಗಿ ಗೊತ್ತಿದ್ದರೇ ಅದು ಕೆಲಸ ಮಾಡುವುದು. ಮಾಡಬಾರದ್ದನ್ನು ಮಾಡುತ್ತೇನೆಂದು ಬೆದರಿಸಬಹುದೆ? ಬರೀ ಬೆದರಿಕೆ, ಮನಸ್ಸಿನಲ್ಲಿಲ್ಲ ಅಂದರೆ ಎದುರಾಳಿ ಹೆದರುವುದಿಲ್ಲ. ಮನಸ್ಸಿನಲ್ಲಿದೆ ಅಂದರೆ ಪಾಪ ಅಲ್ಲಿಯೇ ಶುರುವಾಯಿತು.

ಇದನ್ನು ಧರ್ಮಾಧ್ಯಕ್ಷರು ಬಿಡಿಸಿದ ಬಗೆ ಕರಡಿನಿಂದ ಕರಡಿಗೆ ಬದಲಾಗಿದೆ. 1979ರಲ್ಲಿ ಅಮೆರಿಕ ಮತ್ತು ಸೋವಿಯತ್ ಅಣ್ವಸ್ತ್ರಗಳಿಗೆ ಮಿತಿ ಹಾಕುವ ಸಾಲ್ಟ್–2 ಒಪ್ಪಂದದ ಕುರಿತು ಸೆನೆಟ್ ಸಮಿತಿಯ ಮುಂದೆ ಕಾರ್ಡಿನಲ್ ಜಾನ್ ಕ್ರಾಲ್ ಸಾಕ್ಷ್ಯ ನುಡಿದಾಗ ಬಳಸಿದ್ದು ‘ಸಹಿಸಬಹುದು’ ಎಂಬ ಮಾತು, ಅದೂ ಶಸ್ತ್ರ ಕಡಿತದ ಮಾತುಕತೆ ನಡೆಯುತ್ತಿರುವವರೆಗೆ ಮಾತ್ರ. ಕೆಟ್ಟದ್ದೇ, ಆದರೆ ಸದ್ಯಕ್ಕೆ ಸಹಿಸಬೇಕಾದದ್ದು. ಮೊದಲ ಕರಡು ಅದೇ ದಾರಿಯಲ್ಲಿತ್ತು. 1982ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಅಧಿವೇಶನಕ್ಕೆ ಪೋಪ್ ಎರಡನೇ ಜಾನ್ ಪಾಲ್ ಕಳಿಸಿದ ಸಂದೇಶವನ್ನು ಕಾರ್ಡಿನಲ್ ಕಸರೋಲಿ ಓದಿದರು: ಸಮತೋಲನದ ಮೇಲೆ ನಿಂತ ಬೆದರಿಕೆಯ ತಡೆಯನ್ನು, ಅದೇ ಗುರಿಯೆಂದಲ್ಲ, ಹಂತಹಂತದ ನಿಶ್ಶಸ್ತ್ರೀಕರಣದ ಹಾದಿಯ ಒಂದು ಮೆಟ್ಟಿಲೆಂದು, ಇಂದಿನ ಸ್ಥಿತಿಯಲ್ಲಿ ನೈತಿಕವಾಗಿ ಒಪ್ಪಬಹುದು. ‘ಸಹಿಸಬಹುದು’ ಹೋಗಿ ‘ಒಪ್ಪಬಹುದು’ ಬಂತು. ಅಂತಿಮ ಪತ್ರದಲ್ಲಿ ಅದು ‘ಕಟ್ಟುನಿಟ್ಟಿನ ಷರತ್ತಿಗೆ ಒಳಪಟ್ಟ ನೈತಿಕ ಒಪ್ಪಿಗೆ’ ಆಯಿತು. ಈ ಎರಡು ಪದಗಳ ನಡುವಿನ ಇಳಿಜಾರನ್ನು ಬೆರಳಿಟ್ಟು ತೋರಿಸದೆ ಮುಂದೆ ಹೋಗಬೇಡಿ.

ನಕ್ಷೆ ಮತ್ತು ಕೈವಾರದ ಸರದಿ ಈಗ. ರಾಷ್ಟ್ರೀಯ ಭದ್ರತಾ ಸಲಹೆಗಾರ ವಿಲಿಯಂ ಕ್ಲಾರ್ಕ್ ಸಮಿತಿಗೆ ಬರೆದ ಪತ್ರದಲ್ಲಿ ಅಮೆರಿಕ ಸೋವಿಯತ್ ಜನರನ್ನು ಜನರೆಂಬ ಕಾರಣಕ್ಕೆ ಗುರಿಮಾಡುವುದಿಲ್ಲ ಎಂಬ ಭರವಸೆಯಿತ್ತು. ಧರ್ಮಾಧ್ಯಕ್ಷರು ಭರವಸೆಯನ್ನು ಟಿಪ್ಪಣಿಯಲ್ಲಿ ದಾಖಲಿಸಿದರು, ಅದರ ಜೊತೆಗೇ ಇನ್ನೆರಡು ಅಂಕಿಗಳನ್ನು ಪಠ್ಯದಲ್ಲಿ ಇಟ್ಟರು: ಅಮೆರಿಕದ ಗುರಿಪಟ್ಟಿಯಲ್ಲಿ ಮಾಸ್ಕೋ ನಗರವೊಂದರಲ್ಲೇ 60 ‘ಸೈನಿಕ’ ಗುರಿಗಳು, ಇಡೀ ಸೋವಿಯತ್ ಒಕ್ಕೂಟದಲ್ಲಿ 40,000. ಜನರನ್ನು ಗುರಿ ಮಾಡದೆಯೂ ನಗರ ಹೇಗೆ ಹೋಗುತ್ತದೆ ಅನ್ನುವುದಕ್ಕೆ ಪತ್ರದಲ್ಲಿ ಇದಕ್ಕಿಂತ ಚೂಪಾದ ವಾಕ್ಯ ಇಲ್ಲ.

ಅಂಕಿ ಓದಿದರೆ ಮನಸ್ಸಿಗೆ ತಟ್ಟುವುದಿಲ್ಲ, ಊರಿನ ನಕ್ಷೆಯ ಮೇಲೆ ಮಾಡಿದರೆ ತಟ್ಟುತ್ತದೆ. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಪಕ್ಕ ಸೈನ್ಯದ ಎಂಜಿನಿಯರುಗಳ ಕೇಂದ್ರವಿದೆ, ಎಲ್ಲರಿಗೂ ಗೊತ್ತಿರುವ ಜಾಗ. ಹಿರೋಷಿಮಾದ ಬಾಂಬು ಸುಮಾರು 15 ಕಿಲೋಟನ್, ಅಲ್ಲಿ ನಗರ ಸುಟ್ಟು ನೆಲಸಮವಾದದ್ದು ಸುಮಾರು 2 ಕಿಲೋಮೀಟರ್ ತ್ರಿಜ್ಯದಲ್ಲಿ. ಕೆರೆಯಂಚಿನಲ್ಲಿ ಕೈವಾರದ ಮೊನೆ ಊರಿ 2 ಕಿಲೋಮೀಟರ್ ಸುತ್ತು ಎಳೆದರೆ ಎಂ.ಜಿ. ರಸ್ತೆ ಒಳಗೆ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಒಳಗೆ. ಆ ಕಾಲದ ಅಮೆರಿಕನ್ ಟ್ರೈಡೆಂಟ್ ಜಲಾಂತರ್ಗಾಮಿ ಕ್ಷಿಪಣಿಯ ಸಿಡಿತಲೆ ಸುಮಾರು 100 ಕಿಲೋಟನ್. ಲೆಕ್ಕದಲ್ಲಿ ತಪ್ಪುವುದು ಇಲ್ಲಿ: ಶಕ್ತಿ ಏಳು ಪಟ್ಟು ಅಂದಕೂಡಲೇ ತ್ರಿಜ್ಯವನ್ನೂ ಏಳು ಪಟ್ಟು ಮಾಡುತ್ತಾರೆ. ಸ್ಫೋಟದ ಒತ್ತಡ ಘನಮೂಲದ ಪ್ರಕಾರ ಹಬ್ಬುತ್ತದೆ, ಶಕ್ತಿ ಎಂಟು ಪಟ್ಟಾದರೆ ತ್ರಿಜ್ಯ ಎರಡು ಪಟ್ಟು. ಹಾಗಾಗಿ ಹೆಚ್ಚುಕಡಿಮೆ 4 ಕಿಲೋಮೀಟರ್. ಶಕ್ತಿ ಏರಿದಂತೆ ಬೆಂಕಿ ಮತ್ತು ಶಾಖದ ವ್ಯಾಪ್ತಿ ಇದಕ್ಕಿಂತ ಹೆಚ್ಚು ಹಿಗ್ಗುವುದರಿಂದ ನಿಮ್ಮ ಸುತ್ತು ಕಡಿಮೆಯ ಅಂದಾಜೇ. ಜಾಲಹಳ್ಳಿ, ಯಲಹಂಕ, ಎಚ್‌ಎಎಲ್ ಎಂದು ಇನ್ನೂ ಮೂರು ಸುತ್ತು ಎಳೆಯಿರಿ. ನಾಲ್ಕಕ್ಕೇ ಸಾಕಾಗುತ್ತದೆ, ಮಾಸ್ಕೋದಲ್ಲಿ ಅರವತ್ತಿತ್ತು. ‘ಹೋರಾಡದವರನ್ನು ಗುರಿ ಮಾಡಬಾರದು’ ಎಂಬ ತತ್ವವನ್ನು ಕಾಗದದ ಮೇಲೆ ಪಾಲಿಸಿದರೂ ‘ಹಾನಿ ಪ್ರಮಾಣ ಮೀರಬಾರದು’ ಎಂಬ ಇನ್ನೊಂದು ತತ್ವ ಯಾಕೆ ಬೇಕು ಅನ್ನುವುದನ್ನು ಆಮೇಲೆ ವಿವರಿಸಬೇಕಾಗುವುದಿಲ್ಲ.

ಈಗ ಷರತ್ತುಗಳು. ಮೂರಿವೆ. ಬೆದರಿಕೆಯ ತಡೆ ಇರುವುದು ಇನ್ನೊಬ್ಬರು ಬಳಸದಂತೆ ನೋಡಿಕೊಳ್ಳಲು ಮಾತ್ರ. ದೀರ್ಘಕಾಲ ಅಣುಯುದ್ಧ ನಡೆಸಿ ಗೆಲ್ಲುವ ಯೋಜನೆ ಹಾಕುವಂತಿಲ್ಲ. ತಡೆಯಲು ಸಾಕಾಗುವಷ್ಟು ಸಾಕು. ಮೇಲುಗೈಗಾಗಿ ಓಟ ಕೂಡದು. ಇದು ನಿಶ್ಶಸ್ತ್ರೀಕರಣದ ಕಡೆಗಿನ ಮೆಟ್ಟಿಲು. ಆದ್ದರಿಂದ ಸೇರಿಸುವ ಪ್ರತಿಯೊಂದು ಹೊಸ ಅಸ್ತ್ರವನ್ನೂ ಇದು ಆ ಕಡೆಗೆ ಒಯ್ಯುತ್ತದೆಯೇ ಎಂದು ತೂಗಬೇಕು. ಇದರ ಕೆಳಗೆ ಬೇಡದ್ದರ ಪಟ್ಟಿ, ಬೇಕಾದ್ದರ ಪಟ್ಟಿ. ಬೇಡದ್ದರಲ್ಲಿ ಮೊದಲನೆಯದು ತಾನೇ ಸುಲಭವಾಗಿ ಹೊಡೆತಕ್ಕೆ ಸಿಗುವಂಥ, ಆದರೆ ಎದುರಾಳಿಯ ಕ್ಷಿಪಣಿಗೂಡುಗಳನ್ನು ಕ್ಷಣದಲ್ಲಿ ಒಡೆಯಬಲ್ಲ ಅಸ್ತ್ರ. ಅಂಥದ್ದು ಮೊದಲೇ ಹಾರಿಸಿಬಿಡುವ ಆಮಿಷ ಒಡ್ಡುತ್ತದೆ. ಎಂಎಕ್ಸ್ ಮತ್ತು ಪರ್ಶಿಂಗ್–2 ಕ್ಷಿಪಣಿಗಳ ಹೆಸರನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಡಿಟಿಪ್ಪಣಿಗೆ ಇಳಿಯಿರಿ: ಕೆಲವು ತಜ್ಞರ ಪ್ರಕಾರ ಇವೆರಡೂ ಈ ಗುಂಪಿಗೆ ಸೇರುತ್ತವೆ ಎಂಬ ಮಾತು ಅಲ್ಲಿದೆ. ಈ ಪತ್ರದಲ್ಲಿ ಬಿಸಿಯಿರುವುದು ಎಷ್ಟೋ ಕಡೆ ಅಡಿಟಿಪ್ಪಣಿಯಲ್ಲೇ. ಬೇಕಾದ್ದರ ಪಟ್ಟಿಯ ಮೊದಲ ಸಾಲಿನಲ್ಲಿ ಆ ‘ನಿಲ್ಲಿಸಿ’ ಇದೆ, ಜೊತೆಗೆ ಆಳವಾದ ಕಡಿತ, ಸಮಗ್ರ ಪರೀಕ್ಷಾ ನಿಷೇಧ, ಗಡಿಯಂಚಿನ ಕಿರುವ್ಯಾಪ್ತಿಯ ಅಣ್ವಸ್ತ್ರಗಳ ವಾಪಸಾತಿ, ನಿಯಂತ್ರಣ ವ್ಯವಸ್ಥೆಗೆ ಬಿಗಿ.

ಮೂರು ಷರತ್ತನ್ನೂ ಈ ಪಟ್ಟಿಯನ್ನೂ ದೊಡ್ಡ ಹಾಳೆಯ ಮೊದಲ ಅಂಕಣಕ್ಕೆ ಇಳಿಸಿ. ಎರಡನೆಯದಕ್ಕೆ 1983, ಮೂರನೆಯದಕ್ಕೆ ಇಂದು.

ಇಷ್ಟಾದ ಮೇಲೆ ಮೊದಲ ಭಾಗಕ್ಕೆ ಹಿಂತಿರುಗಿದರೆ ಬೈಬಲ್ ಮತ್ತು ನ್ಯಾಯಯುದ್ಧದ ಕಂಡಿಕೆಗಳು ಒಣದಾಗಿ ಕಾಣುವುದಿಲ್ಲ. ಯುದ್ಧಕ್ಕಿಳಿಯಲು ಏಳು ಕಟ್ಟಳೆ: ನ್ಯಾಯವಾದ ಕಾರಣ, ಅಧಿಕಾರವುಳ್ಳವರ ತೀರ್ಮಾನ, ತುಲನಾತ್ಮಕ ನ್ಯಾಯ, ಶುದ್ಧ ಉದ್ದೇಶ, ಕೊನೆಯ ಉಪಾಯ, ಗೆಲುವಿನ ಸಂಭವ, ಪ್ರಮಾಣ. ಇಳಿದ ಮೇಲೆ ಎರಡು: ಪ್ರಮಾಣ ಮತ್ತು ಹೋರಾಡುವವರು, ಹೋರಾಡದವರ ವಿವೇಚನೆ. ಅಹಿಂಸೆಯನ್ನೂ ಪಕ್ಕದಲ್ಲೇ ಗೌರವದಿಂದ ಕೂರಿಸಿದ್ದಾರೆ, ಕಥೋಲಿಕ ಶಾಂತಿವಾದಿ ಡೊರೊಥಿ ಡೇ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಬರುತ್ತದೆ. ಆದರೆ ಅದು ವ್ಯಕ್ತಿಯ ಆಯ್ಕೆ, ಸರ್ಕಾರಕ್ಕೆ ರಕ್ಷಣೆಯ ಹೊಣೆ ಉಂಟು ಎಂಬ ಗೆರೆ ದಾಟುವುದಿಲ್ಲ. ಮೂರನೇ ಭಾಗ ಬೇಗ ಮುಗಿಸಬಹುದು. ಅಲ್ಲಿ ಬಿಡಬಾರದ್ದು ಎರಡು: ಶಸ್ತ್ರಪೈಪೋಟಿ ಬಡವರಿಗೆ ಮಾಡುವ ಗಾಯ ಸಹಿಸಲಾಗದ್ದು ಎಂಬ ಮಹಾಸಭೆಯ 81ನೇ ಕಂಡಿಕೆಯ ಮಾತು, ಮತ್ತು ಅಣ್ವಸ್ತ್ರ ಕಡಿಮೆಯಾದರೆ ಮಾಮೂಲಿ ಸೈನ್ಯದ ಖರ್ಚು ಏರಬಹುದು ಎಂಬ ಮನಸ್ಸಿಲ್ಲದ ಮನಸ್ಸಿನ ಒಪ್ಪಿಗೆ.

ಅದೇ ಕೂಟದ ಉಳಿದ ಸಮಯಕ್ಕೆ ನಮ್ಮ ದೇಶದ ಅಣ್ವಸ್ತ್ರ ನೀತಿಯ ಬಗೆಗಿನ 2003ರ ಜನವರಿ 4ರ ಪ್ರಕಟಣೆಯನ್ನು ತನ್ನಿ, ಒಂದೇ ಪುಟದಷ್ಟಿದೆ. ಬೇರೆಯವರ ದೇಶದ ಪತ್ರ ಓದಿ ಬೇರೆಯವರನ್ನೇ ತೂಗುವುದು ಸುಲಭ. ‘ವಿಶ್ವಾಸಾರ್ಹ ಕನಿಷ್ಠ’ ಎಂಬ ಭಾರತದ ಮಾತು ಎರಡನೇ ಷರತ್ತಿನ ‘ಸಾಕಾಗುವಷ್ಟು’ ಎಂಬುದಕ್ಕೆ ಹತ್ತಿರ. ಮೊದಲು ಬಳಸುವುದಿಲ್ಲ ಎಂಬುದು ಎರಡನೇ ತೀರ್ಪಿಗೆ ಸರಿಹೊಂದುತ್ತದೆ, ಅಮೆರಿಕ ಇವತ್ತಿಗೂ ಕೊಡದ ಮಾತು ಅದು. ಆದರೆ ಅದೇ ಪ್ರಕಟಣೆಯಲ್ಲಿ ಪ್ರತಿದಾಳಿ ಭಾರೀ ಪ್ರಮಾಣದ್ದಾಗಿರುತ್ತದೆ, ಎದುರಾಳಿಗೆ ತಾಳಲಾಗದ ಹಾನಿ ಮಾಡುವಂತಿರುತ್ತದೆ ಎಂದಿದೆ. ಜೈವಿಕ ಅಥವಾ ರಾಸಾಯನಿಕ ದಾಳಿಗೂ ಅಣ್ವಸ್ತ್ರದ ಉತ್ತರದ ಅವಕಾಶ ಉಳಿಸಿಕೊಂಡಿದೆ. ಮೊದಲ ತೀರ್ಪಿನ ಎದುರು, ಪ್ರತೀಕಾರಕ್ಕೂ ನಗರಗಳನ್ನು ಸುಡುವಂತಿಲ್ಲ ಎಂಬ ಮಾತಿನ ಎದುರು, ‘ತಾಳಲಾಗದ ಹಾನಿ’ ಎಂಬ ಪದಗಳನ್ನು ಇಟ್ಟು ನೋಡಿ. ಈ ಕೂಟದಲ್ಲಿ ದನಿ ಏರುತ್ತದೆ. ಏರಲಿ, ಬಣ್ಣದ ಪೆನ್ಸಿಲ್ಲು ಕೈಯಲ್ಲಿರುವವರೆಗೆ ತೊಂದರೆಯಿಲ್ಲ.

ದನಿ ಇಳಿಯುವುದು ನಾಲ್ಕನೇ ಭಾಗದಲ್ಲಿ. ಅಲ್ಲಿ ಪತ್ರ ಪಾದ್ರಿ, ಶಿಕ್ಷಕ, ತಂದೆತಾಯಿ, ಸೈನಿಕ, ವಿಜ್ಞಾನಿ, ಶಸ್ತ್ರ ಕಾರ್ಖಾನೆಯ ಕೆಲಸಗಾರ ಎಂದು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತದೆ. ಸಾರ್ವಜನಿಕ ವಲಯದ ರಕ್ಷಣಾ ಕಾರ್ಖಾನೆಗಳ ಸಂಬಳದಿಂದ ಕಟ್ಟಿದ ಬಡಾವಣೆಗಳೇ ಇರುವ ಊರಿನಲ್ಲಿ ಈ ಭಾಗವನ್ನು ಗಟ್ಟಿಯಾಗಿ ಓದುವ ಮುಂಚೆ ಕೂಟದಲ್ಲಿ ಯಾರಿದ್ದಾರೆ ಎಂದು ನೋಡಿಕೊಳ್ಳಿ. ಪತ್ರಕ್ಕೂ ಆ ಎಚ್ಚರ ಇತ್ತು. ಹಿನ್ನೆಲೆಯಲ್ಲಿ ಟೆಕ್ಸಸ್‌ನ ಅಮರಿಲೊ ಇತ್ತು. ಅಮೆರಿಕದ ಸಿಡಿತಲೆಗಳ ಕೊನೆಯ ಜೋಡಣೆ ನಡೆಯುವ ಪ್ಯಾಂಟೆಕ್ಸ್ ಕಾರ್ಖಾನೆ ಆ ಊರ ಹತ್ತಿರದ್ದು. ನ್ಯೂಟ್ರಾನ್ ಬಾಂಬು ತಯಾರಿಸುವ ನಿರ್ಧಾರ ಬಂದಾಗ, 1981ರ ಆಗಸ್ಟ್‌ನಲ್ಲಿ, ಅಲ್ಲಿನ ಧರ್ಮಾಧ್ಯಕ್ಷ ಲಿರಾಯ್ ಮ್ಯಾಥಿಸನ್ ಕೆಲಸಗಾರರು ತಾವು ಮಾಡುತ್ತಿರುವುದನ್ನು ಯೋಚಿಸಲಿ, ರಾಜೀನಾಮೆ ಕೊಟ್ಟು ಶಾಂತಿಯ ಕೆಲಸ ಹುಡುಕುವುದನ್ನೂ ಯೋಚಿಸಲಿ ಎಂದರು. ಬಿಡುವವರ ನೆರವಿಗೆ ನಿಧಿಯೂ ಆಯಿತು, ಬಿಟ್ಟವರು ಬೆರಳೆಣಿಕೆ. ಸಿಯಾಟಲ್‌ನಲ್ಲಿ ಮಹಾಧರ್ಮಾಧ್ಯಕ್ಷ ರೇಮಂಡ್ ಹಂಟ್‌ಹೌಸನ್ ಟ್ರೈಡೆಂಟ್ ಜಲಾಂತರ್ಗಾಮಿ ನೆಲೆಯನ್ನು ನಾಜಿಗಳ ಹತ್ಯಾಶಿಬಿರ ಆಶ್‌ವಿಟ್ಸ್‌ಗೆ ಹೋಲಿಸಿ, ತಮ್ಮ ಆದಾಯ ತೆರಿಗೆಯ ಅರ್ಧವನ್ನು ತಡೆಹಿಡಿದಿದ್ದರು. ಇವೆರಡರ ನಂತರ ಬಂದ ಪತ್ರ ಹಿಡಿದದ್ದು ಬೇರೆ ದಾರಿ: ಆತ್ಮಸಾಕ್ಷಿಯಿಂದ ಬಿಡುವವರಿಗೆ ಧರ್ಮಸಭೆಯ ಆಸರೆ ಸಿಗಲಿ, ಉಳಿಯುವವರಿಗೂ ತಮ್ಮ ಕೆಲಸವನ್ನು ಮತ್ತೆ ಮತ್ತೆ ತೂಗಿ ನೋಡಲು ಆಸರೆ ಸಿಗಲಿ. ಹೇಡಿತನ ಅಂತ ಕೆಲವರು, ಕರುಣೆ ಅಂತ ಕೆಲವರು. ಮನೆಸಾಲ ಇರುವವನಿಗೆ ವೀರವಾಕ್ಯಕ್ಕಿಂತ ಇದು ಉಪಯೋಗಕ್ಕೆ ಬರುವ ಮಾತು ಎಂಬುದು ನಮ್ಮ ಎಣಿಕೆ.

ಇದೇ ಭಾಗದಲ್ಲಿ ಧರ್ಮಾಧ್ಯಕ್ಷರು ಶಾಂತಿಗಾಗಿ ಪ್ರತಿ ಶುಕ್ರವಾರ ಉಪವಾಸ ಮತ್ತು ಮಾಂಸತ್ಯಾಗಕ್ಕೆ ತಾವೇ ಒಪ್ಪಿಕೊಂಡು ಇತರರನ್ನೂ ಕರೆಯುತ್ತಾರೆ. ಮಾಂಸತ್ಯಾಗದಲ್ಲಿ ಮೀನಿಗೆ ಅಡ್ಡಿಯಿಲ್ಲ. ಮಂಗಳೂರು ಕಡೆಯ ಬಂಗುಡೆಪ್ರಿಯರು ಇದನ್ನು ಪ್ರಾಯಶ್ಚಿತ್ತ ಎಂದು ಲೆಕ್ಕಕ್ಕೆ ಹಿಡಿಯಬಾರದು. ಉಪವಾಸದ ಭಾಗವನ್ನೂ ಓದಿಕೊಳ್ಳಿ.

ಎಂಟನೇ ಕೂಟ ಹಾಳೆಯ ಮೂರನೇ ಅಂಕಣಕ್ಕೆ. ತುಂಬುವುದು ಪುರಾವೆಯಿಂದ, ಬೇಸರದಿಂದಲ್ಲ. 1986ರ ಸುಮಾರಿಗೆ ಜಗತ್ತಿನಲ್ಲಿ 70,000ದಷ್ಟು ಸಿಡಿತಲೆಗಳಿದ್ದವು, ಈಗ ಸುಮಾರು 12,000. ಆಳವಾದ ಕಡಿತ ಆಗಿಲ್ಲ ಅನ್ನುವಂತಿಲ್ಲ. ಪರ್ಶಿಂಗ್–2 ಕ್ಷಿಪಣಿಗಳು, ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ನಿಷೇಧಿಸಿದ 1987ರ ಐಎನ್‌ಎಫ್ ಒಪ್ಪಂದದಿಂದ ಹೋದವು. ಒಪ್ಪಂದವೇ 2019ರ ಆಗಸ್ಟ್‌ನಲ್ಲಿ ಹೋಯಿತು. ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ 1996ರಲ್ಲಿ ಸಹಿಗೆ ತೆರೆದರೂ ಜಾರಿಗೆ ಬಂದಿಲ್ಲ: ಅಮೆರಿಕ ಸಹಿ ಹಾಕಿ ಸ್ಥಿರೀಕರಿಸಲಿಲ್ಲ, ಭಾರತ ಸಹಿಯನ್ನೇ ಹಾಕಲಿಲ್ಲ, ರಷ್ಯಾ 2023ರಲ್ಲಿ ಸ್ಥಿರೀಕರಣ ಹಿಂತೆಗೆದುಕೊಂಡಿತು. ಕ್ರಾಲ್ ಹೇಳಿದ್ದ ‘ಮಾತುಕತೆ ನಡೆಯುತ್ತಿರುವವರೆಗೆ’ ಎಂಬುದರ ಎದುರು ಏನು ಬರೆಯಬೇಕು ಎಂದು ಕೂಟ ಸುಮ್ಮನಾಗುವುದು ಸಹಜ.

ಪತ್ರದ ದೊಡ್ಡ ದೋಷ ಕಾಣುವುದು ಈ ಅಂಕಣ ತುಂಬುವಾಗಲೇ. ಷರತ್ತುಗಳನ್ನು ಇಷ್ಟು ಜತನದಿಂದ ಬರೆದವರು ಗಡುವು ಬರೆಯಲಿಲ್ಲ, ಯಾರು ಪರೀಕ್ಷಿಸಬೇಕು ಎಂದೂ ಹೇಳಲಿಲ್ಲ. ಬಾಡಿಗೆ ಕರಾರಿಗೂ ಹನ್ನೊಂದು ತಿಂಗಳು ಎಂದಿರುತ್ತದೆ. 1988ರಲ್ಲಿ ಧರ್ಮಾಧ್ಯಕ್ಷರೇ ಒಂದು ಮರುಪರಿಶೀಲನೆ ಮಾಡಿ ಷರತ್ತಿನ ಒಪ್ಪಿಗೆಯನ್ನು ಮುಂದುವರಿಸಿದರು. 1998ರಲ್ಲಿ, ಭಾರತದ ಪೋಖ್ರಾನ್ ಮತ್ತು ಪಾಕಿಸ್ತಾನದ ಚಾಗೈ ಪರೀಕ್ಷೆಗಳಾದ ಮರುತಿಂಗಳು, ಪಾಕ್ಸ್ ಕ್ರಿಸ್ತಿಯ ಎಪ್ಪತ್ತಕ್ಕೂ ಹೆಚ್ಚು ಅಮೆರಿಕನ್ ಧರ್ಮಾಧ್ಯಕ್ಷರು ಷರತ್ತುಗಳು ಈಡೇರಿಲ್ಲ, ಮೆಟ್ಟಿಲೆಂದು ಒಪ್ಪಿದ್ದು ಮನೆಯೇ ಆಗಿಬಿಟ್ಟಿದೆ ಎಂಬರ್ಥದಲ್ಲಿ ಒಪ್ಪಿಗೆಯಿಂದ ಹಿಂದೆ ಸರಿದರು. ಪ್ರಾಟೆಸ್ಟಂಟ್ ಪಂಗಡವಾದ ಯುನೈಟೆಡ್ ಮೆಥೊಡಿಸ್ಟ್ ಚರ್ಚಿನ ಬಿಷಪರು 1986ರಲ್ಲೇ, ಬೆದರಿಕೆಯ ತಡೆಗೆ ಚರ್ಚಿನ ಆಶೀರ್ವಾದ ಇನ್ನು ಸಲ್ಲದು ಎಂದು ಷರತ್ತಿಲ್ಲದೆ ಹೇಳಿದ್ದರು. ಯಾವುದು ಮೇಲು ಎಂಬ ಚರ್ಚೆ ಕೂಟದಲ್ಲಿ ಬಂದೇ ಬರುತ್ತದೆ. ಮೆಥೊಡಿಸ್ಟರ ‘ಇಲ್ಲ’ ಶುದ್ಧವಾಗಿದೆ, ಹೇಳಿದ ಮೇಲೆ ಮಾಡುವ ಕೆಲಸ ಕಡಿಮೆ. ಕಥೋಲಿಕರ ‘ಹೌದು, ಆದರೆ’ ಪ್ರತಿವರ್ಷ ಮಾಡಬೇಕಾದ ಕೆಲಸ ಕೊಡುತ್ತದೆ. ಅದನ್ನು ಮಾಡದಿದ್ದರೆ ‘ಆದರೆ’ ಉದುರಿ ‘ಹೌದು’ ಮಾತ್ರ ಉಳಿಯುತ್ತದೆ. ಆದದ್ದೂ ಹಾಗೆಯೇ.

ಕೊನೆಯಲ್ಲಿ ನೀಲಿ ಪೆನ್ಸಿಲ್ಲಿನ ಗುರುತುಗಳನ್ನು ಒಮ್ಮೆ ತಿದ್ದಬೇಕು. 2017ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಳಕೆಯ ಬೆದರಿಕೆಯನ್ನೂ ಹೊಂದಿರುವುದನ್ನೂ ಖಂಡಿಸಿದರು, 2019ರ ನವೆಂಬರ್ 24ರಂದು ಹಿರೋಷಿಮಾದಲ್ಲಿ ಹೊಂದಿರುವುದೇ ಅನೈತಿಕ ಎಂದರು. ವ್ಯಾಟಿಕನ್ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ 2017ರ ಸೆಪ್ಟೆಂಬರ್ 20ರಂದೇ ಸಹಿ ಹಾಕಿ ಸ್ಥಿರೀಕರಿಸಿತು. 1982ರ ಜೂನ್‌ನ ‘ಇಂದಿನ ಸ್ಥಿತಿಯಲ್ಲಿ’ ಎಂಬ ಪದಗಳ ಕೆಳಗೆ ಎಳೆದ ನೀಲಿ ಗೆರೆಯ ಪಕ್ಕ ಈ ಮೂರು ತಾರೀಖು ಬರೆದುಕೊಳ್ಳಿ. 2022ರ ಜನವರಿಯಲ್ಲಿ ಸಾಂತಾ ಫೆಯ ಮಹಾಧರ್ಮಾಧ್ಯಕ್ಷ ಜಾನ್ ವೆಸ್ಟರ್ ಬರೆದ ಪಾಲನಾ ಪತ್ರವನ್ನು ಓದಲು ಸಮಯವಿದ್ದರೆ ಒಂಬತ್ತನೇ ಕೂಟ ಇಟ್ಟುಕೊಳ್ಳಬಹುದು. ಬಾಂಬು ಹುಟ್ಟಿದ ಲಾಸ್ ಅಲಮೋಸ್ ಅವರದೇ ಧರ್ಮಕ್ಷೇತ್ರದ ಒಳಗಿರುವುದರಿಂದ ಅದರ ದನಿ ಬೇರೆ.

ತುಂಬಿದ ಹಾಳೆಯನ್ನು ಮಡಚಿ ಎಸೆಯಬೇಡಿ. ಮೇಲ್ತುದಿಯಲ್ಲಿ ತಾರೀಖು ಹಾಕಿ, ಮೂರನೇ ಅಂಕಣದ ಬಲಕ್ಕೆ ಮುಂದಿನ ವರ್ಷಕ್ಕೆಂದು ಒಂದು ಖಾಲಿ ಅಂಕಣ ಬಿಡಿ. ನಾವು ಮೇ 3 ಎಂದು ಗೊತ್ತುಮಾಡಿಕೊಂಡಿದ್ದೇವೆ.